ಓಣಿಯ ಲಾರಿ

“ಗುರುಗಳೇ, ದುಡಿದವನು ತನ್ನ ಕೆಲಸದ ಬಗ್ಗೆ ಹೆಮ್ಮೆ ಪಡುವುದು ತಪ್ಪೇ?”

ಕೇಳಿದವನು ಮಠದ ಹಿರಿಯ ಶಿಷ್ಯ. ಆ ಬೇಸಿಗೆಯಲ್ಲಿ ದಾಸೋಹದ ಮನೆಯ ಮಾಡನ್ನು ಅವನೇ ಮುಂದೆ ನಿಂತು ಹೊಸದಾಗಿ ಹೊದಿಸಿದ್ದ. ಕೆಲಸ ಚೆನ್ನಾಗಿ ಆಗಿತ್ತು. ನೋಡಿದವರೆಲ್ಲ ಮೆಚ್ಚಿದ್ದರು.

“ತಪ್ಪಲ್ಲ” ಎಂದರು ಗುರುಗಳು.

“ಹಾಗಾದರೆ ನನಗೇಕೆ ಹೊಟ್ಟೆ ಉರಿಯುತ್ತದೆ? ಒಂದು ಹೊತ್ತು ಹೆಂಚು ಎತ್ತಿಕೊಟ್ಟವರೂ ಬಂದವರನ್ನೆಲ್ಲ ಕರೆದು, ‘ಇದು ನಾವು ಹೊದಿಸಿದ ಮಾಡು’ ಎಂದು ತೋರಿಸುತ್ತಿದ್ದಾರೆ. ಕೇಳಿದಾಗಲೆಲ್ಲ ನನ್ನ ಗಂಟಿಗೆ ಯಾರೋ ಕೈ ಹಾಕಿದ ಹಾಗಾಗುತ್ತದೆ.”

ಗುರುಗಳು ಕುಳಿತುಕೊಳ್ಳುವಂತೆ ಕೈ ತೋರಿದರು. ಆಮೇಲೆ ಈ ಕತೆ ಹೇಳಿದರು.

ಹೆದ್ದಾರಿಯ ಬದಿಯ ಒಂದು ಊರಿನಲ್ಲಿ ಒಬ್ಬ ಡ್ರೈವರ್ ಇದ್ದ. ಬೇರೆಯವರ ಲಾರಿ ಓಡಿಸಿ ಸಂಬಳ ತರುತ್ತಿದ್ದ. ಅವನ ತಂದೆಯೂ ಡ್ರೈವರ್ ಆಗಿದ್ದವನೇ. ತಂದೆ ಜೀವಮಾನವೆಲ್ಲ ಓಡಿಸಿದ್ದು ಒಂದೇ ಲಾರಿ. ಮುಂದಕ್ಕೆ ಮೂತಿ ಚಾಚಿಕೊಂಡ, ಮರದ ಬಾಡಿಯ, ಹಳೆಯ ಕಾಲದ ಲಾರಿ. ಊರಿನ ಶಾಲೆಗೆ ಕಲ್ಲು ಬಂದದ್ದು ಅದರಲ್ಲಿ, ನೀರಿನ ಟ್ಯಾಂಕಿಗೆ ಮರಳು ಬಂದದ್ದು ಅದರಲ್ಲಿ. ಊರಿನ ಎಷ್ಟೋ ಸೊಸೆಯರು ದಿಬ್ಬಣದಲ್ಲಿ ಬಂದಿಳಿದದ್ದೂ ಅದರಿಂದಲೇ. ಆದರೆ ಲಾರಿ ತಂದೆಯದಲ್ಲ, ಒಬ್ಬ ಸಾಹುಕಾರನದು. ಸಾಹುಕಾರ ಅದನ್ನು ಮಾರಿದ. ಕೊಂಡವನು ಇನ್ನೊಬ್ಬನಿಗೆ ಮಾರಿದ. ತಂದೆ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ ಮಗ ಅದನ್ನು ಒಂದು ಗುಜರಿ ಅಂಗಡಿಯ ಹಿಂದೆ ಕಂಡ. ಟೈರುಗಳಿರಲಿಲ್ಲ. ಮರದ ಬಾಡಿಯನ್ನು ಯಾರೋ ಸೌದೆಗೆ ಒಯ್ದಿದ್ದರು. ಎಂಜಿನ್ನಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು.

ಡ್ರೈವರ್ ಅದನ್ನು ಕಬ್ಬಿಣದ ತೂಕಕ್ಕೆ ಕೊಂಡ. ಬಾಡಿಗೆಯ ಗಾಲಿಗಳನ್ನು ಸಿಕ್ಕಿಸಿ, ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆಸಿಕೊಂಡು ಬಂದ. ಹೆಂಡತಿಯ ಒಪ್ಪಿಗೆ ಕೇಳಿದ್ದು ಆಮೇಲೆ.

ಹೆಂಡತಿ ಲಾರಿಯ ಸುತ್ತ ಒಂದು ಸುತ್ತು ಬಂದಳು. ಎಂಜಿನ್ನಿನಲ್ಲಿ ಇನ್ನೂ ಕೋಳಿಯ ಗರಿ ಅಂಟಿತ್ತು. “ಕೋಳಿಯನ್ನಾದರೂ ಕೊಟ್ಟನೇ, ಇಲ್ಲ ಅದನ್ನೂ ಅವನೇ ಇಟ್ಟುಕೊಂಡನೇ?” ಎಂದಳು. ಅಷ್ಟೇ ಅವಳ ಒಪ್ಪಿಗೆ.

ಲಾರಿಯನ್ನು ಮತ್ತೆ ಮೊದಲಿನಂತೆ ಮಾಡಿ, ತಂದೆ ಕೂತ ಜಾಗದಲ್ಲಿ ಕೂತು ಹೆದ್ದಾರಿಗೆ ಇಳಿಸಬೇಕು. ಇದೊಂದೇ ಅವನ ಆಸೆ. ಆದರೆ ಕೈಯಲ್ಲಿ ದುಡ್ಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಜಾಗವಿರಲಿಲ್ಲ. ಅವನ ಮನೆಗೂ ಅವನ ಅಣ್ಣನ ಮನೆಗೂ ನಡುವೆ ಒಂದು ಅಂಗಳ, ಇಬ್ಬರಿಗೂ ಸೇರಿದ್ದು. ಲಾರಿ ನಿಂತರೆ ಅಂಗಳ ಮುಗಿಯಿತು. ಒಂದು ಭಾಗ ಬಿಚ್ಚಿದರೆ ಇಡಲು ನೆಲವಿಲ್ಲ. ಬಿಚ್ಚದಿದ್ದರೆ ಒಳಗೆ ಕೈ ಹೋಗುವುದಿಲ್ಲ. ಬಾನೆಟ್ಟನ್ನು ಬಿಚ್ಚಿದ ದಿನ ಅದನ್ನು ಅಡುಗೆಮನೆಯಲ್ಲಿ ಒರಗಿಸಿದ. ಅವತ್ತು ಮನೆಮಂದಿಯೆಲ್ಲ ಹೊರಗೆ ನಿಂತು ಊಟ ಮಾಡಿದರು.

“ಓಣಿಯಲ್ಲಿ ಇಷ್ಟು ಮನೆಗಳಿವೆ. ಒಂದೊಂದು ಮನೆಯಲ್ಲಿ ಒಂದೊಂದು ಇಟ್ಟರಾಯಿತು” ಎಂದಳು ಹೆಂಡತಿ.

“ಯಾವ ಮುಖ ಇಟ್ಟುಕೊಂಡು ಕೇಳಲಿ?”

“ನಿಮ್ಮ ಮುಖ ಇಲ್ಲೇ ಇರಲಿ. ನಾನು ಕೇಳುತ್ತೇನೆ.”

ಅವಳು ಕೇಳಿದಳು. ಯಾರೂ ಇಲ್ಲವೆನ್ನಲಿಲ್ಲ. ಓಣಿಯ ತಿರುವಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಅಜ್ಜಿಯೊಬ್ಬಳಿದ್ದಳು. ಬಾನೆಟ್ಟು ಅವಳ ಹಿತ್ತಲಿಗೆ ಹೋಯಿತು. ಗೇರ್‌ಬಾಕ್ಸು ಗಿರಣಿಯ ಎದುರುಮನೆಯ ದರ್ಜಿಯ ಹೊಲಿಗೆ ಯಂತ್ರದ ಕೆಳಗೆ ಸೇರಿತು. ಸ್ಟಿಯರಿಂಗನ್ನು ಹೂ ಮಾರುವವಳು ತನ್ನ ಮನೆಯ ಮೊಳೆಗೆ ತೂಗುಹಾಕಿದಳು. ಉಳಿದವು ಉಳಿದ ಮನೆಗಳಿಗೆ ಹಂಚಿಹೋದವು.

ಡ್ರೈವರ್ ರಜೆಯ ದಿನಗಳಲ್ಲಿ ಮಾತ್ರ ಕೆಲಸ ಮಾಡುತ್ತಿದ್ದ. ಸಂಬಳದಲ್ಲಿ ಮಕ್ಕಳ ಫೀಸು ಮೊದಲು, ಮನೆಯ ರೇಷನ್ನು ಆಮೇಲೆ, ಉಳಿದರೆ ಲಾರಿಗೆ. ಒಂದು ವರ್ಷ ರೇಡಿಯೇಟರ್ ಒಂದೇ ಆಯಿತು. ಮರುವರ್ಷ ಮಗಳಿಗೆ ಕಾಯಿಲೆಯಾಗಿ ಏನೂ ಆಗಲಿಲ್ಲ. ಬೇರೆ ಊರುಗಳಿಗೆ ಹೋದಾಗಲೆಲ್ಲ ಅಲ್ಲಿನ ಗುಜರಿ ಅಂಗಡಿಗಳನ್ನು ಹುಡುಕುತ್ತಿದ್ದ. ಸಿಗದ ಭಾಗವನ್ನು ಲೇತ್ ಅಂಗಡಿಯಲ್ಲಿ ಕೂತು ತಾನೇ ಹೇಳಿ ಮಾಡಿಸುತ್ತಿದ್ದ. ಹೊಸ ಮರ ಕೊಳ್ಳುವ ಶಕ್ತಿ ಇರಲಿಲ್ಲ. ಕೆಡವಿದ ಮನೆಯೊಂದರ ತೊಲೆಗಳನ್ನು ತಂದು, ಹಲಗೆ ಕೊಯ್ಯಿಸಿ, ಬಡಗಿಯಿಂದ ಬಾಡಿ ಕಟ್ಟಿಸಿದ. ತಂದೆಯ ಕಾಲದಲ್ಲಿ ಎಷ್ಟು ಅಗಲವಿತ್ತೋ ಅಷ್ಟೇ ಅಗಲ, ಒಂದು ಬೆರಳೂ ಕಡಿಮೆಯಾಗಬಾರದು ಎಂದು ಹಟ ಹಿಡಿದ. ತುಕ್ಕು ಉಜ್ಜಿ ಉಜ್ಜಿ ಅವನ ಉಗುರುಗಳು ಕೆಂಪಾಗಿಯೇ ಉಳಿದವು.

ಓಣಿಯವರು ಸುಮ್ಮನಿರುವವರಲ್ಲ. “ಏನಪ್ಪಾ, ಹೆರಿಗೆ ಯಾವಾಗ?” ಎಂದು ದರ್ಜಿ ಕೇಳುತ್ತಿದ್ದ. “ಬೇಗ ಮುಗಿಸೋ. ನಾನು ಸತ್ತರೆ ಹೆಣ ಹೊರಲಾದರೂ ಆಗಲಿ” ಎನ್ನುತ್ತಿದ್ದಳು ಗಿರಣಿ ಅಜ್ಜಿ.

ಆದರೆ ಅದೇ ಅಜ್ಜಿ ದೀಪಾವಳಿಯ ಎಣ್ಣೆನೀರಿನ ದಿನ ಮೊಮ್ಮಕ್ಕಳ ಮೈಗೆ ಹಚ್ಚಿ ಉಳಿದ ಎಣ್ಣೆಯನ್ನು ಹಿತ್ತಲಿಗೆ ಒಯ್ದು, ತುಕ್ಕು ಹಿಡಿಯದಿರಲಿ ಎಂದು ಬಾನೆಟ್ಟಿಗೂ ಹಚ್ಚುತ್ತಿದ್ದಳು. ಪ್ರತಿ ವರ್ಷವೂ ಹಚ್ಚಿದಳು. ದರ್ಜಿ ಗೇರ್‌ಬಾಕ್ಸಿಗೆ ದೂಳು ಹೋಗದಂತೆ ಉಳಿದ ಬಟ್ಟೆಯ ತುಂಡುಗಳಿಂದ ಒಂದು ಅಂಗಿಯನ್ನೇ ಹೊಲಿದಿದ್ದ. ಅದಕ್ಕೆ ಗುಂಡಿಯೂ ಇತ್ತು. ಹೂ ಮಾರುವವಳು ಸ್ಟಿಯರಿಂಗಿಗೆ ದಿನವೂ ಒಂದು ಹೂ ಸಿಕ್ಕಿಸುತ್ತಿದ್ದಳು. ಇದಾವುದನ್ನೂ ಅವರು ಡ್ರೈವರನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ. ಅವನ ಕಣ್ಣಿಗೆ ಕಾಣುತ್ತಿದ್ದದ್ದು ಆಗಬೇಕಾದ ಕೆಲಸ ಮಾತ್ರ.

ಹೀಗಿರುವಾಗ ಅಣ್ಣ ಒಂದು ದಿನ ಬಂದು ಅಂಗಳದಲ್ಲಿ ನಿಂತ. ಅವನು ಕೆಟ್ಟವನಲ್ಲ.

“ಮಗನ ಮದುವೆ ಗೊತ್ತಾಗಿದೆ. ಅಂಗಳದ ನನ್ನ ಪಾಲಿನಲ್ಲಿ ಒಂದು ಕೋಣೆ ಎಬ್ಬಿಸಬೇಕು. ಆಯುಧಪೂಜೆಯ ಮರುದಿನ ಗಾರೆಯವರು ಬರುತ್ತಾರೆ. ಅಷ್ಟರಲ್ಲಿ ಲಾರಿ ತಾನೇ ಉಸಿರಾಡಿಕೊಂಡು ಹೊರಗೆ ಹೋಗಲಿ. ಇಲ್ಲವಾದರೆ ಗುಜರಿಯವನು ಗ್ಯಾಸ್ ಕಟರಿನಲ್ಲಿ ತುಂಡು ಮಾಡಿ ಒಯ್ಯುತ್ತಾನೆ. ನಾನೂ ಅದೇ ಅಪ್ಪನ ಮಗ ಕಣೋ, ನನಗೂ ಸಂಕಟವಾಗುತ್ತದೆ. ಆದರೆ ಬರುವ ಸೊಸೆಯನ್ನು ಬಾನೆಟ್ಟಿನ ಮೇಲೆ ಮಲಗಿಸಲೇನು?”

ಡ್ರೈವರ್ ರಜೆ ಹಾಕಿದ. ಮನೆಮನೆಗಳಿಂದ ಭಾಗಗಳನ್ನು ತರಿಸಿ ಜೋಡಿಸಿದ. ಬಾನೆಟ್ಟು ಒಂದು ಚೂರೂ ತುಕ್ಕಿಲ್ಲದೆ ಬಂದದ್ದನ್ನು ನೋಡಿ, ಹಳೆಯ ಕಬ್ಬಿಣ ಎಷ್ಟು ಗಟ್ಟಿ ಎಂದುಕೊಂಡ. ಹಬ್ಬಕ್ಕೆ ಕೆಲವು ದಿನ ಇರುವಾಗ ಎಂಜಿನ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಆಮೇಲೆ ನಿಲ್ಲದೆ ಗುಡುಗಿತು. ಅಣ್ಣನ ಕಣ್ಣು ಒದ್ದೆಯಾಯಿತು. ಡ್ರೈವರನ ಎದೆ ಲಾರಿಗಿಂತ ಅಗಲವಾಯಿತು. ಆ ಹೆಮ್ಮೆಗೆ ಅವನು ಹಕ್ಕುದಾರನಾಗಿದ್ದ. ಒಂದೊಂದು ಬೋಲ್ಟನ್ನೂ ಅವನು ದುಡಿದು ಬಿಗಿದಿದ್ದ.

ಸುದ್ದಿ ಹರಡಿತು. ಹಬ್ಬಕ್ಕೆ ಬಂದ ನೆಂಟರಿಷ್ಟರು ಲಾರಿ ನೋಡಲು ಬಂದರು. ಆಗ ಡ್ರೈವರನ ಕಿವಿಗೆ ಮಾತುಗಳು ಬಿದ್ದವು. “ಇದೇ ನೋಡು ನಮ್ಮ ಬಾನೆಟ್ಟು” ಎಂದು ಗಿರಣಿ ಅಜ್ಜಿ ತನ್ನ ಅಳಿಯನಿಗೆ ತೋರಿಸುತ್ತಿದ್ದಳು. “ಗೇರು ಬೆಣ್ಣೆಯ ಹಾಗೆ ಬೀಳುತ್ತದೆ. ಬೀಳದೆ ಏನು, ಇಷ್ಟು ವರ್ಷ ಅದು ನನ್ನ ಕಾಲ ಬಳಿಯೇ ಇತ್ತು” ಎಂದು ದರ್ಜಿ ಹೇಳುತ್ತಿದ್ದ.

ಡ್ರೈವರನಿಗೆ ತಡೆಯಲಾಗಲಿಲ್ಲ. “ಗೇರ್‌ಬಾಕ್ಸಿನ ಒಂದು ಬೋಲ್ಟು ಬಿಚ್ಚಲು ಬರುತ್ತದೆಯೇ ನಿನಗೆ?” ಎಂದು ಎಲ್ಲರೆದುರು ಕೇಳಿದ. ದರ್ಜಿ ಅಲ್ಲಿಂದ ಹೊರಟುಹೋದ.

ಆಯುಧಪೂಜೆಯ ಬೆಳಿಗ್ಗೆ ಲಾರಿಯನ್ನು ತೊಳೆದು, ವಿಭೂತಿ ಬಳಿದು, ಬಾಳೆಕಂದು ಕಟ್ಟಿದರು. ಓಣಿಯ ಪ್ರತಿ ಮನೆಯಿಂದಲೂ ಒಬ್ಬೊಬ್ಬರು ಒಂದೊಂದು ತೆಂಗಿನಕಾಯಿ ಹಿಡಿದು ಬಂದರು. ತಮ್ಮ ಮನೆಯಲ್ಲಿ ಇದ್ದ ಭಾಗಕ್ಕೆ ತಾವೂ ಒಂದು ಕಾಯಿ ಒಡೆಯಬೇಕೆಂದು ಅವರ ಮನಸ್ಸು.

“ಲಾರಿ ಒಂದೇ. ಅದಕ್ಕೆ ಯಜಮಾನನೂ ಒಬ್ಬನೇ. ಕಾಯಿಯೂ ಒಂದೇ ಸಾಕು” ಎಂದ ಡ್ರೈವರ್.

ಹೆಂಡತಿ ಅವನ ತೋಳು ಹಿಡಿದಳು. ಅವನು ಬಿಡಿಸಿಕೊಂಡ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಯಿಗಳನ್ನು ಹಿಡಿದುಕೊಂಡೇ ತಮ್ಮ ತಮ್ಮ ಬಾಗಿಲಿಗೆ ಹೋಗಿ ನಿಂತರು. ಡ್ರೈವರ್ ಕಾಯಿ ಒಡೆದ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಹತ್ತಿ ಕೂತು ಲಾರಿಯನ್ನು ಅಂಗಳದಿಂದ ಓಣಿಗೆ ಇಳಿಸಿದ.

ಲಾರಿ ಗಿರಣಿಯ ತಿರುವಿನವರೆಗೆ ಹೋಯಿತು. ಅಲ್ಲಿ ನಿಂತಿತು.

ಒಂದು ಬದಿಯಲ್ಲಿ ಗಿರಣಿಯ ಕಲ್ಲಿನ ಕಟ್ಟೆ. ಇನ್ನೊಂದು ಬದಿಯಲ್ಲಿ ದರ್ಜಿಯ ಮನೆಯ ಮೆಟ್ಟಿಲು, ಅದರಾಚೆ ಹೂ ಮಾರುವವಳ ಬಟ್ಟೆ ಒಗೆಯುವ ಕಲ್ಲು. ನಡುವೆ ಬಾಡಿ ಹಾಯುವಷ್ಟು ಜಾಗವಿರಲಿಲ್ಲ. ಲಾರಿ ಒಳಗೆ ಬಂದಾಗ ಅದಕ್ಕೆ ಬಾಡಿಯೇ ಇರಲಿಲ್ಲ. ಎಲ್ಲವನ್ನೂ ಅಳೆದಿದ್ದ ಡ್ರೈವರ್ ಓಣಿಯೊಂದನ್ನು ಅಳೆದಿರಲಿಲ್ಲ. ದಿನವೂ ನಡೆದಾಡುವ ಓಣಿಯನ್ನು ಯಾರು ಅಳೆಯುತ್ತಾರೆ?

ಕೆಳಗಿಳಿದು ನೋಡಿದ. ಹಿಂದಕ್ಕೆ ಹೋದರೆ ಅಣ್ಣನ ಗಡುವು. ಬಾಡಿ ಬಿಚ್ಚೋಣವೆಂದರೆ ಅದನ್ನು ಇಳಿಸಲು ನೆಲವಿಲ್ಲ. ಉಳಿದದ್ದು ತಂದೆಯ ಅಳತೆಗೆ ಕಟ್ಟಿಸಿದ ಬಾಡಿಯನ್ನು ಕೊಯ್ಯುವುದು. ಗುಜರಿಯವನು ಓಣಿಯ ಬಾಯಿಗೆ ಬಂದು ನಿಂತಿದ್ದ. “ಯಾಕಣ್ಣ ಒದ್ದಾಡುತ್ತೀಯಾ? ಹೇಳಿದರೆ ಈಗಲೇ ಗ್ಯಾಸ್ ತರುತ್ತೇನೆ” ಎಂದ.

ಡ್ರೈವರ್ ಕಟ್ಟೆಯನ್ನು ನೋಡಿದ. ಮೆಟ್ಟಿಲನ್ನು ನೋಡಿದ. ಕೇಳಬಹುದಾದ ಮಾತು ಒಂದೇ ಒಂದಿತ್ತು. ಬೆಳಿಗ್ಗೆ ತಾನು ಆಡಿದ ಮಾತಿನ ಮೇಲೆ ಅದು ಬಾಯಿಂದ ಹೊರಡಲಿಲ್ಲ.

ಗಿರಣಿ ಅಜ್ಜಿ ಒಳಗೆ ಹೋದಳು. ಹಾರೆ ಹಿಡಿದು ಹೊರಗೆ ಬಂದಳು.

“ಎಂಜಿನ್ ಆರಿಸೋ. ಡೀಸೆಲ್ ಏನು ಪುಕ್ಕಟೆ ಬರುತ್ತದೆಯೇ?”

“ಅಜ್ಜಿ, ಬೇಡ. ಅದು ನಿಮ್ಮ ಯಜಮಾನರು ಕೈಯಾರೆ ಕಟ್ಟಿದ ಕಟ್ಟೆ.”

“ಕಟ್ಟಿದ್ದು ಅವರೇ. ಸಂಜೆಯಾದರೆ ಅದರ ಮೇಲೇ ಕೂರುತ್ತಿದ್ದರು. ಆದರೆ ನನ್ನ ಬಾನೆಟ್ಟಿಗೆ ನನ್ನ ಕಟ್ಟೆಯೇ ಅಡ್ಡ ಬಂತು ಎಂದು ಊರು ಆಡಿಕೊಂಡರೆ ಮುಖ ಎಲ್ಲಿಡಲಿ? ಪಕ್ಕಕ್ಕೆ ನಿಲ್ಲು.”

ಅಜ್ಜಿ ಹಾರೆ ಎತ್ತಿ ಮೊದಲ ಕಲ್ಲಿಗೆ ಹಾಕಿದಳು. ಕಲ್ಲು ಅಲುಗಾಡಲಿಲ್ಲ. ಅವಳ ಅಳಿಯ ಬಂದು ಹಾರೆ ತೆಗೆದುಕೊಂಡ. ಎದುರಿನಲ್ಲಿ ದರ್ಜಿ ತನ್ನ ಮೆಟ್ಟಿಲಿನ ಕಲ್ಲನ್ನು ಕೀಳತೊಡಗಿದ. ಹೂ ಮಾರುವವಳು ಒಗೆಯುವ ಕಲ್ಲನ್ನು ಉರುಳಿಸಿದಳು. ಅಣ್ಣ ಗಾರೆಯವರಿಗೆಂದು ತಂದಿಟ್ಟ ಸುತ್ತಿಗೆಯನ್ನು ಎತ್ತಿಕೊಂಡು ಬಂದ. ಡ್ರೈವರನೂ ಕಲ್ಲಿಗೆ ಕೈ ಹಾಕಲು ಹೋದ.

“ನೀನು ಹೋಗಿ ಸ್ಟಿಯರಿಂಗ್ ಹಿಡಿಯಪ್ಪ” ಎಂದ ದರ್ಜಿ. “ನನಗೆ ಬೋಲ್ಟು ಬಿಚ್ಚಲು ಬರುವುದಿಲ್ಲ, ನಿಜ. ಮೆಟ್ಟಿಲು ಕೀಳಲು ಬರುತ್ತದೆ.”

ಮಧ್ಯಾಹ್ನದ ಹೊತ್ತಿಗೆ ದಾರಿಯಾಯಿತು. ಲಾರಿ ತಿರುವನ್ನು ದಾಟಿತು. ಅತ್ತ ಒಂದು ಅಂಗೈ, ಇತ್ತ ಒಂದು ಅಂಗೈ ಉಳಿಯಿತು. ಓಣಿಯ ಬಾಯಲ್ಲಿ ಡ್ರೈವರ್ ಲಾರಿ ನಿಲ್ಲಿಸಿದ. ಇಳಿದು ಬಂದು ಅಜ್ಜಿಯ ಕಾಲು ಮುಟ್ಟಿದ. “ಕಾಯಿ ಒಡೆಯಿರಿ” ಎಂದ. ಅಜ್ಜಿ ಒಡೆದಳು. ದರ್ಜಿ ಒಡೆದ. ಒಬ್ಬೊಬ್ಬರಾಗಿ ಎಲ್ಲರೂ ಒಡೆದರು. ರಸ್ತೆಯೆಲ್ಲ ಕಾಯಿನೀರಾಯಿತು. ಆಮೇಲೆ ಎಲ್ಲರೂ ಲಾರಿಯ ಹಿಂಭಾಗಕ್ಕೆ ಹತ್ತಿದರು. ಅಜ್ಜಿ ಮಾತ್ರ ಮುಂದೆ, ಡ್ರೈವರನ ಪಕ್ಕದಲ್ಲಿ.

ಹೆದ್ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ಜನ ಎದ್ದು ನಿಂತು ನೋಡಿದರು. “ಯಾರದಪ್ಪಾ ಇಂಥ ಲಾರಿ?” ಎಂದು ಒಬ್ಬ ಕೂಗಿ ಕೇಳಿದ. ಡ್ರೈವರ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ, “ನಮ್ಮದು!” ಎಂಬ ಕೂಗು ಒಂದೇ ಉಸಿರಿಗೆ ಬಂತು.

ಡ್ರೈವರ್ ಉದ್ದಕ್ಕೆ ಹಾರನ್ ಒತ್ತಿದ.

ಗುರುಗಳು ಕತೆ ನಿಲ್ಲಿಸಿದರು.

“ಕತೆ ಚೆನ್ನಾಗಿದೆ, ಗುರುಗಳೇ. ಆದರೆ ಆ ಓಣಿಯವರು ‘ನಮ್ಮದು’ ಎನ್ನಲು ತಮ್ಮ ಕಟ್ಟೆಯನ್ನೇ ಒಡೆದುಕೊಂಡರು. ಹೆಂಚು ಎತ್ತಿಕೊಟ್ಟ ಇವರು ನನಗಾಗಿ ಏನು ಒಡೆದುಕೊಂಡಿದ್ದಾರೆ?”

“ನಿನ್ನ ಲಾರಿ ಇನ್ನೂ ತಿರುವಿಗೆ ಬಂದಿಲ್ಲವಲ್ಲ, ಮಗು” ಎಂದರು ಗುರುಗಳು.