ನಿಂತ ಪೈರು

ಶಿಷ್ಯ ಕೇಳಿದ: "ಗುರುಗಳೇ, ನಮ್ಮಲ್ಲಿ ಓದುವವರ ಪೈಕಿ ಕೆಲವರು ಕಷ್ಟ ತಟ್ಟಿದ ಕೂಡಲೇ ಓದು ನಿಲ್ಲಿಸಿ ಮಂಕಾಗಿ ಕೂತುಬಿಡುತ್ತಾರೆ. ಕೆಲವರು ಏನೇ ಬಂದರೂ ನಿಲ್ಲುವುದಿಲ್ಲ. ನಿಂತವರನ್ನು ಮನೆಗೆ ಕಳಿಸಿಬಿಡಲೇ?"

ಗುರುಗಳು ಈ ಕತೆ ಹೇಳಿದರು.

ಬೆಟ್ಟಗಳ ನಡುವೆ ಕಣಿವೆಯ ಊರೊಂದರಲ್ಲಿ ಒಬ್ಬ ರೈತನಿದ್ದ. ಅಲ್ಲಿ ಗೋಧಿಯನ್ನು ಚಳಿಗೆ ಮುಂಚೆ ಬಿತ್ತಿ ಬೇಸಿಗೆಯಲ್ಲಿ ಕೊಯ್ಯುತ್ತಿದ್ದರು. ಮೊದಲ ಶೀತಗಾಳಿ ಬೀಸಿದೊಡನೆ ಅವನ ಹೊಲದ ಅರ್ಧ ಪೈರು ಬೆಳೆಯುವುದನ್ನು ನಿಲ್ಲಿಸಿ ನೆಲಕ್ಕೆ ಅಂಟಿ ಕೂರುತ್ತಿತ್ತು. ಉಳಿದರ್ಧ ಏನೂ ಆಗದಂತೆ ಮೇಲೇಳುತ್ತಿತ್ತು. ನಿಂತದ್ದನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಸೋಮಾರಿ ಪೈರು ಎಂದು ಒಂದೊಂದನ್ನೇ ಕಿತ್ತು ಹಸುವಿಗೆ ಹಾಕತೊಡಗಿದ.

ಹೆಂಡತಿ ಬೇಡವೆಂದಳು. ನಿಂತ ಪೈರಿನದೊಂದು, ಎದ್ದ ಪೈರಿನದೊಂದು ಎಲೆ ಚಿವುಟಿ ಕೊಟ್ಟು ಅಗಿದು ನೋಡಲು ಹೇಳಿದಳು. ನಿಂತದ್ದು ಸಿಹಿಯಾಗಿತ್ತು. ಎದ್ದದ್ದು ಬರೀ ನೀರು.

"ಇದು ಸುಮ್ಮನೆ ನಿಂತಿಲ್ಲ," ಎಂದಳು. "ಬೀಜದಿಂದಲೇ ಬಂದ ಗುಣವೊಂದು ಇದರೊಳಗೆ ಮಲಗಿತ್ತು. ಚಳಿ ಮುಟ್ಟಿದ್ದೇ ಅದು ಎಚ್ಚೆತ್ತಿದೆ. ಮೇಲೆ ಬೆಳೆಯುವುದನ್ನು ಬಿಟ್ಟು ಒಳಗೆ ಗಟ್ಟಿಯಾಗುತ್ತಿದೆ."

"ಸಿಹಿ ಎಲೆ ತಿಂದು ಬದುಕಲಾದೀತೇ? ನನಗೆ ಬೇಕಾದ್ದು ತೆನೆ," ಎಂದ ಅವನು.

ಎದ್ದ ಪೈರಿನ ಕಾಳನ್ನೇ ಬೀಜಕ್ಕೆ ಎತ್ತಿಟ್ಟ. ಮರುವರ್ಷ ನಿಂತ ಪೈರು ಕಡಿಮೆಯಾಯಿತು. ಅದನ್ನೂ ಕಿತ್ತ. ಆ ವರ್ಷಗಳಲ್ಲಿ ಚಳಿಯೂ ಹದವಾಗಿಯೇ ಇತ್ತು. ಹೊಲ ಕಣ್ಣು ತುಂಬುವಂತೆ ಬಂತು. ಊರವರು ತಮ್ಮ ಹಳೆಯ ಬೀಜ ಬೀಸಿ ತಿಂದು ಅವನ ಬೀಜ ಒಯ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕಣಿವೆಯಲ್ಲೆಲ್ಲ ಅವನ ಗೋಧಿಯೇ. ಹೆಂಡತಿ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಹನ್ನೆರಡನೆಯ ವರ್ಷ ಇಬ್ಬನಿ ಹೆಪ್ಪುಗಟ್ಟುವ ಚಳಿ ಬಂತು. ಮೂರು ದಿನ ನೆಲ ಕಲ್ಲಾಗಿತ್ತು. ನಾಲ್ಕನೆಯ ದಿನ ಬಿಸಿಲು ಬಿದ್ದಾಗ ಪೈರು ಬೇಯಿಸಿದ ಸೊಪ್ಪಿನಂತೆ ಕುಸಿಯಿತು. ಅವನ ಹೊಲವಷ್ಟೇ ಅಲ್ಲ, ಇಡೀ ಕಣಿವೆ. ಹಳೆಯ ಬೀಜ ಒಂದು ಹಿಡಿಯಾದರೂ ಉಂಟೇ ಎಂದು ಅವನು ಮನೆಮನೆ ತಿರುಗಿದ. ಯಾರಲ್ಲೂ ಇರಲಿಲ್ಲ. ಯಾರೂ ಬೈಯಲಿಲ್ಲ, ಬಾಗಿಲು ಹಾಕಿಕೊಂಡರು.

ಹಸಿವಿಗೆ ಮೊದಲು ಊರಿನ ಮುದುಕರು ಹೋದರು. ಆಮೇಲೆ ಹಸುಗೂಸುಗಳು. ಬೇಸಿಗೆಗೆ ಮುಂಚೆ ಅವನ ಹೆಂಡತಿಯೂ ಹೋದಳು. ನಾನು ಆಗಲೇ ಹೇಳಿದ್ದೆ ಎಂದು ಕೊನೆಯವರೆಗೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳನ್ನು ಮಣ್ಣು ಮಾಡಿ ಬಂದವನು ನೇರ ಹೊಲಕ್ಕಿಳಿದ. ಬದುಕಿರುವ ಒಂದು ಬುಡ ಸಿಕ್ಕೀತೆಂದು ಮೊಣಕಾಲೂರಿ ಸಾಲುಸಾಲು ಕೆದಕಿ ಹುಡುಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಷ್ಟು ದೊಡ್ಡ ಹೊಲದಲ್ಲಿ ಒಂದಾದರೂ ಉಳಿದಿರಲಿಲ್ಲವೇ ಎಂದು ಶಿಷ್ಯ ಕೇಳಿದ.

"ಉಳಿಯುವಂಥವನ್ನು ಅಷ್ಟು ವರ್ಷ ಹುಡುಕಿ ಹುಡುಕಿ ಕಿತ್ತವನು ಅವನೇ," ಎಂದರು ಗುರುಗಳು.