ಮೂರನೆಯ ದೋಷ

"ಗುರುಗಳೇ, ಅನುಮಾನ ಪಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಶಿಷ್ಯ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ. ಹೊಸ ಅಡುಗೆಯವರು ಬಂದು ಒಂದು ತಿಂಗಳಾಗಿತ್ತು. ಆ ತಿಂಗಳೆಲ್ಲ ಅವನು ತುಪ್ಪದ ಡಬ್ಬಿಯ ಮೇಲೆ ಕಣ್ಣಿಟ್ಟು ಕೂತಿದ್ದ. ಉಳಿದವರು ನಗಲು ಶುರುಮಾಡಿದ್ದರು. ಅದಕ್ಕೇ ಈ ಪ್ರಶ್ನೆ.

"ಕೂತುಕೋ. ತಪ್ಪೋ ಸರಿಯೋ ಆಮೇಲೆ ನೋಡೋಣ," ಎಂದು ಗುರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ನಲವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವನು. ಆ ಕಸುಬು ಅವನಿಗೆ ಒಂದು ಪಾಠ ಕಲಿಸಿತ್ತು. ಗಡಿಯಾರ ತರುವವರೆಲ್ಲ ಸುಳ್ಳು ಹೇಳುತ್ತಾರೆ. "ಏನೂ ಮಾಡಿಲ್ಲ ಸ್ವಾಮಿ, ತಾನಾಗೇ ನಿಂತ್ಹೋಯ್ತು" ಎನ್ನುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ನೀರು. ಅವನು ಜಗಳಕ್ಕೆ ಹೋಗುತ್ತಿರಲಿಲ್ಲ. ಚಿಮಟದ ತುದಿಯಲ್ಲಿ ತುಕ್ಕು ಎತ್ತಿ ತೋರಿಸುತ್ತಿದ್ದ. ಗಿರಾಕಿ ತಲೆ ತಗ್ಗಿಸುತ್ತಿದ್ದ. ಇದನ್ನು ನೋಡಿ ನೋಡಿ ಅವನಿಗೆ ಯಾರ ಮಾತಿನ ಮೇಲೂ ನಂಬಿಕೆ ಉಳಿಯಲಿಲ್ಲ. ಅದನ್ನು ನಾನು ತಪ್ಪೆನ್ನಲಾರೆ. ಅವನು ಕಂಡದ್ದು ಹಾಗೆಯೇ ಇತ್ತು.

ಅವನ ಹೆಂಡತಿಯ ಮೂತ್ರಪಿಂಡಗಳು ಕೆಟ್ಟವು. ವಾರಕ್ಕೆ ಎರಡು ಸಲ ದೊಡ್ಡಾಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಹೋಗುವಾಗ ಹೇಗೋ ಹೋಗುತ್ತಿದ್ದಳು. ಬರುವಾಗ ಕಂಬಿ ಹಿಡಿದು ನಿಲ್ಲಲಾಗದೆ ಬಸ್ಸಿನ ನೆಲದ ಮೇಲೆಯೇ ಕೂರುತ್ತಿದ್ದಳು. ಒಂದು ದಿನ "ಇನ್ಮೇಲೆ ನಾನು ಹೋಗಲ್ಲ ರೀ" ಎಂದಳು. ಹೋಗದಿದ್ದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವನು ಕಾರು ಕೊಳ್ಳಲು ಹೊರಟ. ಹೊಸದಕ್ಕೆ ಶಕ್ತಿಯಿರಲಿಲ್ಲ. ಹಳೆಯದನ್ನೇ ಹುಡುಕಿದ.

ಮಾರುವವರ ಮನೆಗೆ ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಹೋಗುತ್ತಿದ್ದ. ಹೋದವನೇ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ ಹಾಗೆಯೇ ಹಿಂದಿರುಗುತ್ತಿದ್ದ. ತಣ್ಣಗಿದ್ದಾಗ ಸ್ಟಾರ್ಟ್ ಆಗದ ಗಾಡಿಯನ್ನು ಅವರು ಆಗಲೇ ಒಮ್ಮೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದು ಅರ್ಥ. ಗಾಡಿ ನೀರಿನಲ್ಲಿ ಮುಳುಗಿದ್ದ ವಾಸನೆ ಇದೆಯೇ ಎಂದು ಕಾಲಡಿಯ ಹಾಸು ಎತ್ತಿ ಮೂಸುತ್ತಿದ್ದ. ಮೀಟರು ಕಡಿಮೆ ಓಡಿದೆಯೆಂದು ತೋರಿಸಿ ಪೆಡಲ್ ಸವೆದಿದ್ದರೆ ಮುಂದೆ ಮಾತೇ ಆಡುತ್ತಿರಲಿಲ್ಲ. ಎಂದಾದರೂ ಬಿಚ್ಚಿದ್ದಾರೆಯೇ ಎಂದು ಬಾಗಿಲಿನ ಸ್ಕ್ರೂಗಳನ್ನು ಭೂತಗನ್ನಡಿಯಿಟ್ಟು ನೋಡುತ್ತಿದ್ದ. ನಗಬೇಡ. ಹತ್ತು ಕಾರು ನೋಡಿ ಒಂಬತ್ತರ ಸುಳ್ಳನ್ನು ಅವನು ಹಿಡಿದ.

ಹತ್ತನೆಯದು ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದ ಒಬ್ಬ ಕಾಂಪೌಂಡರನದು. ಬಾನೆಟ್ಟು ತಣ್ಣಗಿತ್ತು. ಕಾಂಪೌಂಡರ್ ತಾನಾಗಿಯೇ ಹೇಳಿದ: "ಹಿಂದಿನ ಒಂದು ಬಾಗಿಲು ಒಳಗಡೆಯಿಂದ ತೆಗೆಯಕ್ಕಾಗಲ್ಲ. ಜೋರು ಮಳೆ ಬಂದ್ರೆ ಕಾಲ ಹತ್ರ ನೀರು ತೊಟ್ಟಿಕ್ಕತ್ತೆ. ಇವೆರಡು ಬಿಟ್ರೆ ಇನ್ನೇನೂ ಇಲ್ಲ ಯಜಮಾನ್ರೇ."

ಗಡಿಯಾರದವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕೇಳದೆಯೇ ಎರಡು ದೋಷ ಹೇಳುವವನು ಮೂರನೆಯದನ್ನು ಮುಚ್ಚಿಡಲಿಕ್ಕೇ ಹೇಳುತ್ತಾನೆ. ಇಲ್ಲದಿದ್ದರೆ ತನ್ನ ಮಾಲನ್ನು ತಾನೇ ಹಳಿಯುವವರು ಯಾರಿದ್ದಾರೆ? ಇಡೀ ದಿನ ಹುಡುಕಿದ. ಮೂರನೆಯದು ಸಿಗಲಿಲ್ಲ. ಮಾರನೆಯ ದಿನ ಹೆಂಡತಿಗೆ ಆಸ್ಪತ್ರೆಯ ಸರದಿ. ಬೇರೆ ದಾರಿಯಿಲ್ಲದೆ ಕೊಂಡ.

ಕೊಂಡ ಮೇಲೆ ಗ್ಯಾರೇಜಿಗೆ ಒಯ್ದ. ಯಾವ ಗಾಡಿಯಲ್ಲಾದರೂ ಓಡಿದಂತೆ ಸವೆಯುವ ಬ್ರೇಕಿನ ಒಂದು ಭಾಗ ಸವೆದಿದೆಯೆಂದು ಗ್ಯಾರೇಜಿನವನು ಬದಲಾಯಿಸಿದ. ಹಳೆಯದನ್ನು ಕೈಗೆ ಕೊಡಲೇಬೇಕೆಂದು ಇವನು ಹಠ ಹಿಡಿದ. ಕೊಟ್ಟರು. ನಿಜಕ್ಕೂ ಸವೆದಿತ್ತು. 'ಇದನ್ನು ಯಾವ ಗಾಡಿಯಿಂದ ಬಿಚ್ಚಿ ತಂದನೋ' ಎಂದುಕೊಂಡ. ಅನುಮಾನದ ಬುದ್ಧಿಯೇ ಅಂಥದ್ದು. ಸಾಕ್ಷಿ ಸಿಕ್ಕಿದರೆ ಸಾಕ್ಷಿಯನ್ನೇ ಕಟಕಟೆಗೆ ಹತ್ತಿಸುತ್ತದೆ.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಚಕ್ರ ಜೋಡಿಸಿದವನು ನಟ್ಟುಗಳನ್ನು ಬಿಗಿದು ಎದ್ದುಬಿಡಬೇಕು. ಇನ್ನೊಬ್ಬ ಬಂದು ಒಂದೊಂದಕ್ಕೂ ಸ್ಪ್ಯಾನರ್ ಹಾಕಿ ಮತ್ತೆ ಒತ್ತಿ ನೋಡಬೇಕು. ಆಮೇಲೇ ಗಾಡಿ ಹೊರಗೆ ಹೋಗುವುದು. ಅದನ್ನು ಕಂಡು ಗಡಿಯಾರದವನಿಗೆ ನಗು ಬಂತು. ಗಿರಾಕಿಯ ಮುಂದೆ ಆಡುವ ನಾಟಕ ಎಂದುಕೊಂಡ.

ಅಂದಿನಿಂದ ಗಾಡಿಯ ಕೆಲಸವನ್ನು ತಾನೇ ಮಾಡತೊಡಗಿದ. ಸ್ಪ್ಯಾನರ್ ಸೆಟ್ಟು ತಂದ, ಜ್ಯಾಕು ತಂದ, ಪುಸ್ತಕ ತರಿಸಿ ಓದಿದ. ಆಯಿಲ್ ಬದಲಿಸಿದ. ಪ್ಲಗ್ಗು ಉಜ್ಜಿ ಹಾಕಿದ. ಒಳಗಿನಿಂದ ತೆರೆಯದ ಬಾಗಿಲನ್ನು ತೆರೆಯುವಂತೆ ಮಾಡಿದ. ಸೋರುತ್ತಿದ್ದ ನೀರನ್ನೂ ನಿಲ್ಲಿಸಿದ. ಚೆನ್ನಾಗಿಯೇ ಮಾಡಿದ, ಇಲ್ಲವೆಂದರೆ ಸುಳ್ಳಾಗುತ್ತದೆ. ಆರು ತಿಂಗಳು ಹೆಂಡತಿ ಮುಂದಿನ ಸೀಟಿನಲ್ಲಿ ಒರಗಿಕೊಂಡು ಹೋದಳು, ಒರಗಿಕೊಂಡು ಬಂದಳು. ಅವಳಿಗೆ ಊಟ ಸೇರತೊಡಗಿತು. ಅವನು ಮಾತ್ರ ಭಾನುವಾರ ಬಂದರೆ ಗಾಡಿಯ ಕೆಳಗೆ ಮಲಗಿ ಮೂರನೆಯದನ್ನು ಹುಡುಕುತ್ತಿದ್ದ.

ಎಲ್ಲ ಕಡೆ ಹುಡುಕಿ ಮುಗಿದಿತ್ತು. ಚಕ್ರಗಳ ಹಿಂದೆ ನೋಡುವುದೊಂದು ಉಳಿದಿತ್ತು. ಒಂದು ಭಾನುವಾರ ಮುಂದಿನ ಎಡಚಕ್ರವನ್ನು ಬಿಚ್ಚಿ, ಒಳಗೆಲ್ಲ ನೋಡಿ, ಒರೆಸಿ, ಮತ್ತೆ ಹಾಕಿದ. ಈಗ ಅವನ ಕೈಯ ವಿಷಯ ಕೇಳು. ಗಡಿಯಾರದ ಸ್ಕ್ರೂ ಸಾಸಿವೆ ಕಾಳಿಗಿಂತ ಚಿಕ್ಕದು. ಅದು ಕಚ್ಚಿಕೊಂಡ ಕ್ಷಣವೇ ಕೈ ನಿಲ್ಲಬೇಕು. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೂ ಮುರಿಯುತ್ತದೆ. ನಲವತ್ತು ವರ್ಷ ಆ ಕೈ ಕಲಿತದ್ದು ನಿಲ್ಲುವುದನ್ನು. ಚಕ್ರದ ನಟ್ಟು ಹಾಗಲ್ಲ, ಮೈಭಾರ ಹಾಕಿ ಬಿಗಿಯಬೇಕು. ಅವನ ಕೈ ತನಗೆ ರೂಢಿಯಿದ್ದಲ್ಲಿ ನಿಂತಿತು. ನಿಂತದ್ದು ಅವನಿಗೆ ಗೊತ್ತಾಗಲಿಲ್ಲ.

ಸೋಮವಾರ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೊರಟರು. ಅರ್ಧ ದಾರಿಯಲ್ಲಿ ಟಕ್ ಟಕ್ ಎಂದು ಕೇಳಿಸಿತು.

"ಏನೋ ಸದ್ದು ಬರ್ತಿದೆ ರೀ," ಎಂದಳು ಹೆಂಡತಿ.

ಅವನ ಮುಖ ಅರಳಿತು. "ಸಿಕ್ತು ನೋಡು! ಆ ಕಾಂಪೌಂಡರ್ ಮುಚ್ಚಿಟ್ಟಿದ್ದು ಇದೇ."

"ನಿನ್ನೆ ನೀವು ಬಿಚ್ಚಿದ್ರಲ್ಲ, ಆ ಚಕ್ರದ ಕಡೆಯಿಂದಾನೇ ಬರ್ತಿದೆ. ಒಂದ್ಸಲ ನಿಲ್ಸಿ ನೋಡಬಾರ್ದಾ?"

"ಅದನ್ನ ನಾನೇ ಹಾಕಿದ್ದು ಕಣೇ," ಎಂದ.

ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಸದ್ದೂ ನಿಂತುಹೋಗುತ್ತದೆ, ಕಳ್ಳ ತಪ್ಪಿಸಿಕೊಳ್ಳುತ್ತಾನೆ ಎಂದು ಅವನ ಲೆಕ್ಕ. ಕಿವಿಗೊಟ್ಟು ಓಡಿಸಿದ.

ಒಂದು ತಿರುವಿನಲ್ಲಿ ಚಕ್ರ ಕಳಚಿತು. ಕಾರು ಎಡಕ್ಕೆ ವಾಲಿ ಮೋರಿಯ ಕಲ್ಲುಕಟ್ಟೆಗೆ ಬಡಿದು ನಿಂತಿತು. ಅವನಿಗೆ ಒಂದು ಗೀರೂ ಆಗಲಿಲ್ಲ. ಹೆಂಡತಿಯ ಎಡಗೈ ಬಾಗಿಲಿಗೆ ಸಿಕ್ಕಿ ಜಜ್ಜಿಹೋಯಿತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ಆಪರೇಷನ್ ಮಾಡಿ ಸಿದ್ಧಮಾಡಿದ್ದ ಕೈ ಅದೇ. ಅದು ಇನ್ನು ಕೆಲಸಕ್ಕೆ ಬರುವಂತಿರಲಿಲ್ಲ. ಡಯಾಲಿಸಿಸ್ ನಡೆಸಲು ಕುತ್ತಿಗೆಗೆ ಕೊಳವೆ ಹಾಕಿದರು. ಅವಳು ಬದುಕಿದಳು. ಆದರೆ ಇನ್ನೊಂದು ಕೈ ಸಿದ್ಧವಾಗುವ ತನಕ ಅವಳು ಪಟ್ಟ ಪಾಡು ಶತ್ರುವಿಗೂ ಬೇಡ. ಹೇಳಲು ನನಗೇ ಸಂಕಟವಾಗುತ್ತದೆ.

ಗಾಡಿ ಎತ್ತಲು ಬಂದ ಗ್ಯಾರೇಜಿನವನು ದಾರಿಯಲ್ಲಿ ಬಿದ್ದಿದ್ದ ನಟ್ಟೊಂದನ್ನು ಹುಡುಕಿ ತಂದು ಅವನ ಅಂಗೈಗೆ ಹಾಕಿದ. "ನಟ್ಟಿನ ಒಳಗಿನ ಎಳೆ ಒಂದೂ ಸವೆದಿಲ್ಲ ಸಾರ್. ಸಡ್ಲಾಗಿ ಬಿಚ್ಕೊಂಡಿದೆ," ಎಂದ. ಭೂತಗನ್ನಡಿಯಿಟ್ಟು ನೋಡಿದರೂ ಅದೇ ಕಾಣಿಸಿತು. ಆಗಲಾದರೂ ಅವನು ತನ್ನ ಕೈ ನೋಡಿಕೊಂಡನೆ? ಇಲ್ಲ. ನಟ್ಟಿನ ಅಳತೆಯೇ ತಪ್ಪಿರಬೇಕು, ಕಾಂಪೌಂಡರ್ ಯಾವುದೋ ಗಾಡಿಯ ನಟ್ಟು ಹಾಕಿ ಮಾರಿದ್ದಾನೆ ಎಂದುಕೊಂಡ.

ನೇರ ಕಾಂಪೌಂಡರನ ಮನೆಗೆ ಹೋದ. ಬೀದಿಯಲ್ಲಿ ನಿಂತು ಮೋಸಗಾರ, ಕೊಲೆಗಡುಕ ಎಂದು ಕೂಗಿದ. ಜನ ಸೇರಿದರು. ಮುದುಕ ಹೊರಗೆ ಬಂದು ಏನಾಯಿತೆಂದು ವಿಚಾರಿಸಿದ. ಯಾವ ಚಕ್ರ, ಯಾವಾಗ ಬಿಚ್ಚಿದ್ದು, ಯಾರು ಬಿಗಿದದ್ದು, ಎಲ್ಲ ಕೇಳಿಕೊಂಡ. ಮನೆಯಾಕೆ ಹೇಗಿದ್ದಾರೆ ಎಂದೂ ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ: "ನನ್ನ ಗಾಡಿಲಿ ಇದ್ದಿದ್ದು ಎರಡೇ ಯಜಮಾನ್ರೇ. ಮೂರನೇದು ನಾನು ಕೊಟ್ಟಿದ್ದಲ್ಲ."

ಗಡಿಯಾರದವನು ಆ ಮಾತನ್ನೂ ನಂಬದೆ ಮನೆಗೆ ಹೋದನಂತೆ.

ಗುರು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟ. "ಅರ್ಥವಾಯಿತು ಗುರುಗಳೇ," ಎಂದ. "ಅವನ ಅನುಮಾನ ಅತಿಯಾಯಿತು. ನಾನೂ ಇಂದಿನಿಂದ ಅನುಮಾನ ಬಿಟ್ಟೆ."

ಅದಕ್ಕೆ ಗುರು ಆಡಿದ್ದು ಒಂದೇ ಮಾತು:

"ಎಲ್ಲಿ ಅತಿಯಾಯಿತು, ಅವನು ಒಬ್ಬನನ್ನು ಅನುಮಾನಿಸದೆ ಬಿಟ್ಟುಬಿಟ್ಟಿದ್ದನಲ್ಲ!"