ಸಿಪಿಲೆ ಹಕ್ಕಿ ಬಾಲ ಆಡಿಸುವುದೇಕೆ

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದೆಂದರೆ, ಊರಿಗೆಲ್ಲ ಒಂದೇ ಉದ್ಯಾನ. ಅದರ ಹುಲ್ಲು ಕೂಡ ಆಗಷ್ಟೇ ಚಿಗುರಿತ್ತು. ಅದಕ್ಕೆ ನೀರು ಹಾಯಿಸುವವನು ಚೆಲುವಯ್ಯ. ಬಂದವರು ಹೂವನ್ನು ನೋಡುತ್ತಿದ್ದರು, ಚೆಲುವಯ್ಯನನ್ನಲ್ಲ. ಹೊರಡುವಾಗ ಯಾರೂ ಅವನಿಗೆ "ಹೋಗಿ ಬರ್ತೀನಿ" ಅನ್ನುತ್ತಿರಲಿಲ್ಲ.

ಹೊರಡುವವರು ಬರೀ "ಹೋಗ್ತೀನಿ" ಅನ್ನಬಾರದು, ಗೊತ್ತಲ್ಲ? ಹಾಗಂದರೆ ಮತ್ತೆ ಬರುವುದಿಲ್ಲ ಎಂದಾಗುತ್ತದೆ. ಆ ಪದ್ಧತಿ ಆಗಲೂ ಇತ್ತು.

ಒಂದು ಚಳಿಗಾಲ ಬಡಗಣ ದಿಕ್ಕಿನಿಂದ ಸಿಪಿಲೆ ಹಕ್ಕಿ ಬಂತು. ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದ ಬಾಲ. ಆಗ ಆ ಬಾಲ ಆಡುತ್ತಿರಲಿಲ್ಲ, ಕಡ್ಡಿಯ ಹಾಗೆ ಸುಮ್ಮನಿತ್ತು. ನೀರು ಬಿಟ್ಟಲ್ಲಿ ಹುಳ ಏಳುತ್ತವೆ. ಅದಕ್ಕೇ ಹಕ್ಕಿ ಚೆಲುವಯ್ಯನ ಹಿಂದೆಯೇ ನಡೆಯುತ್ತಿತ್ತು. ಅವನೂ ಮಾತಾಡಲಿಲ್ಲ, ಅದೂ ಮಾತಾಡಲಿಲ್ಲ. ದಿನವೂ ಹಾಗೆಯೇ. ಅವನಿಗೆ ಅಷ್ಟೇ ಹಬ್ಬ.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಹಕ್ಕಿ ಇಲ್ಲ.

"ಗಾಳಿಯಪ್ಪಾ, ನನ್ನ ಹಕ್ಕಿ ಕಂಡೆಯಾ?"

"ನಾನೇ ಕರೆದೆ. ಬಡಗಲಿಗೆ ಹೋಯಿತು," ಎಂದಿತು ಗಾಳಿ.

"ನನಗೇನಾದ್ರೂ ಹೇಳ್ತಾ?"

"ಇಲ್ಲ."

ಹೇಳದೆ ಹೋದದ್ದು ಬರುವುದಿಲ್ಲ ಎಂದುಕೊಂಡ ಚೆಲುವಯ್ಯ. ಮಳೆಗಾಲ ಕಳೆದ ಮೇಲೂ ಹಕ್ಕಿ ಓಡಾಡುತ್ತಿದ್ದ ಮೂಲೆಗೆ ಅವನು ನೀರು ಬಿಡಲಿಲ್ಲ. ಹುಲ್ಲು ಒಣಗಿತು.

ಮತ್ತೆ ಚಳಿ ಬಂತು. ಒಣಹುಲ್ಲಿನ ಮೇಲೆ ಸಿಪಿಲೆ ನಿಂತಿತ್ತು.

"ನೀರೆಲ್ಲಿ, ಚೆಲುವಣ್ಣ?"

"ಓಹೋ, ಬಂದ್ರಾ ದೊಡ್ಡೋರು! ಒಂದು ಮಾತು ಹೇಳಿ ಹೋಗಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಬಂದೇ ಬರ್ತೀನಲ್ಲ, ಹೇಳೋದೇನು ಅಂದ್ಕೊಂಡೆ."

"ಅದು ನಿನಗೆ ಗೊತ್ತಿತ್ತು ತಾಯಿ. ನನಗೆ ಗೊತ್ತಿರಲಿಲ್ಲ."

ಹಕ್ಕಿ ತಲೆ ತಗ್ಗಿಸಿತು. ಗಾಳಿ ಯಾವ ಗಳಿಗೆಯಲ್ಲಿ ಕರೆಯುತ್ತದೋ ಅದಕ್ಕೂ ತಿಳಿಯದು. ಕರೆದ ಮೇಲೆ ನಿಲ್ಲುವ ಹಾಗಿಲ್ಲ. "ಹಾಗಾದ್ರೆ ಈಗಿನಿಂದಲೇ, ಹೆಜ್ಜೆಹೆಜ್ಜೆಗೂ ಹೇಳಿಬಿಡ್ತೀನಿ," ಎಂದಿತು. ಬಾಯಲ್ಲಿ ಹುಳವಿದ್ದರೆ ಮಾತು ಬಾರದು, ಅದಕ್ಕೆ ಬಾಲದಲ್ಲಿ ಹೇಳಿತು. ಬಾಲ ಮೇಲೆ: ಹೋಗಿ. ಬಾಲ ಕೆಳಗೆ: ಬರ್ತೀನಿ.

"ಹೋಗಿ ಬಾ," ಎಂದ ಚೆಲುವಯ್ಯ. ಗುದ್ದಲಿ ಎತ್ತಿಕೊಂಡು ಆ ಮೂಲೆಗೆ ನೀರು ತಿರುಗಿಸಿದ.

ಹೀಗೆ ಎಷ್ಟೋ ವರ್ಷ. ಒಂದು ಚಳಿಗಾಲ ಹಕ್ಕಿ ಬಂದಾಗ ನೀರು ಬಿಡುತ್ತಿದ್ದವನು ಬೇರೆ ಯಾರೋ. ಚೆಲುವಯ್ಯ ಹೋಗಿದ್ದ; ಅಂದರೆ, ತೀರಿಕೊಂಡಿದ್ದ. ಅವನೂ ಹೇಳಿ ಹೋಗಿರಲಿಲ್ಲ. ಹಕ್ಕಿ ಅವನನ್ನು ಬೈಯಲಿಲ್ಲ. ಅವನು ನೀರು ತಿರುಗಿಸಿದ್ದ ಮೂಲೆಗೆ ಹೋಗಿ ಬಾಲ ಆಡಿಸಿತು.

ನಮ್ಮ ಪಾರ್ಕಿನ ಒದ್ದೆ ಹುಲ್ಲಿನ ಮೇಲೆ ಸಿಪಿಲೆ ಇಂದಿಗೂ ಒಂಟಿಯಾಗಿ ನಡೆಯುತ್ತ ಹೆಜ್ಜೆಹೆಜ್ಜೆಗೂ ಬಾಲ ಆಡಿಸುವುದು ಅದಕ್ಕೇ ಮಗು; ಕಂಡಾಗ ಮೆಲ್ಲಗೆ "ಹೋಗಿ ಬಾ" ಅನ್ನು, ಅದಕ್ಕೆ ಹಾಗನ್ನುವವರು ಈಗ ಯಾರೂ ಇಲ್ಲ.